ಹದ್ದಣ್ಣನ ಉಪ್ಪಿನ ಲೆಕ್ಕ

ನೆಲದ ಮೇಲಿನ ಬದುಕು ಹದ್ದಣ್ಣನಿಗೆ ಯಾವತ್ತೂ ಒಗ್ಗಿದ್ದಲ್ಲ. ಕಟ್ಟಡ ಏಳುವ ಜಾಗದಲ್ಲಿ ನೆಲದ ಮೇಲೆ ನಿಂತರೆ ಮೇಸ್ತ್ರಿ ಒಂದು ಹೇಳುತ್ತಾನೆ, ಎಂಜಿನಿಯರು ಇನ್ನೊಂದು ಹೇಳುತ್ತಾನೆ, ಮರಳು ತಂದ ಲಾರಿಯವನು ಇಬ್ಬರನ್ನೂ ಸೇರಿಸಿ ಬೈಯುತ್ತಾನೆ. ಮೇಲೆ, ಟವರ್ ಕ್ರೇನಿನ ಗಾಜಿನ ಗೂಡಿನಲ್ಲಿ ಅದ್ಯಾವುದೂ ಇಲ್ಲ. ಒಂದು ಕುರ್ಚಿ, ಎರಡು ಹಿಡಿಕೆ, ಸುತ್ತ ಗಾಳಿ. ಕೆಳಗಿನ ಜಗಳಗಳು ಅಲ್ಲಿಂದ ಇರುವೆಗಳ ಮದುವೆಯಂತೆ ಕಾಣುತ್ತಿದ್ದವು. ಹದ್ದಣ್ಣ ಎಂಬ ಹೆಸರನ್ನು ಇಟ್ಟವರು ಕೆಲಸಗಾರರು. ಮನೆಯಲ್ಲಿ ಅದನ್ನು ಬಳಸುತ್ತಿದ್ದವರು ಅವನ ಅತ್ತೆ ಒಬ್ಬರೇ, ಅದೂ ಕೋಪ ಬಂದಾಗ.

ಅಂಥವನನ್ನು ನೆಲಕ್ಕೆ ಇಳಿಸುವ ಮಾತನ್ನು ಮೊದಲು ಎತ್ತಿದವರು ಡಾಕ್ಟ್ರಮ್ಮ. ಕ್ರೇನು ನಡೆಸುವವರಿಗೆಲ್ಲ ವರ್ಷಕ್ಕೊಮ್ಮೆ ದೇಹ ಪರೀಕ್ಷೆ ಆಗಬೇಕು, ಚೀಟಿಗೆ ಸಹಿ ಬೀಳಬೇಕು, ಆಮೇಲೆಯೇ ಏಣಿ ಹತ್ತಬೇಕು. ಡಾಕ್ಟ್ರಮ್ಮ ಅವನ ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, ಇನ್ನೊಂದು ಸಲ ತುಂಬಿದರು. ಎರಡನೇ ಸಲ ತುಂಬಿದಾಗಲೇ ಅವನಿಗೆ ಅನುಮಾನ ಬಂತು.

"ಬಿ.ಪಿ. ಗಡಿಯಲ್ಲಿ ನಿಂತಿದೆ," ಅಂದರು. "ಇನ್ನೊಂದು ಸ್ವಲ್ಪ ಮೇಲೆ ಹೋದ್ರೆ ನಾನು ಸಹಿ ಹಾಕಲ್ಲ. ನಿಮಗೆ ತಲೆ ಸುತ್ತಿದ್ರೆ ನೀವೊಬ್ರೇ ಬೀಳಲ್ಲ, ಕೊಂಡಿಯಲ್ಲಿ ನೇತಾಡೋ ಕಬ್ಬಿಣವೂ ಬೀಳುತ್ತೆ. ಒಂದು ತಿಂಗಳು ಟೈಮ್ ಕೊಡ್ತೀನಿ. ಉಪ್ಪು ಇಳಿಸಿ."

"ಮನೇಲಿ ಅಷ್ಟೇನೂ ಉಪ್ಪು ಹಾಕಲ್ಲ ಡಾಕ್ಟ್ರೇ."

"ಮನೆ ಉಪ್ಪು ಕಣ್ಣಿಗೆ ಕಾಣುತ್ತೆ. ಪೊಟ್ಟಣದ ಉಪ್ಪು ಕಾಣಲ್ಲ. ಅಂಗಡಿಯಿಂದ ಏನೇ ತಂದ್ರೂ ತಿರುಗಿಸಿ ಹಿಂದೆ ಓದಿ. ಸೋಡಿಯಂ ಅಂತ ಒಂದು ಸಾಲು ಇರುತ್ತೆ. ಅದೇ ಉಪ್ಪಿನ ಲೆಕ್ಕ. ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಇರುತ್ತೆ, ಅದನ್ನ ನೋಡಿ ತಿನ್ನಿ."

ಹೊರಗೆ ಜನ ಸಾಲುಗಟ್ಟಿ ಕೂತಿದ್ದರು. ಡಾಕ್ಟ್ರಮ್ಮ ಇಷ್ಟಕ್ಕೇ ಮುಗಿಸಿದರು. ಇನ್ನೊಂದೇ ಒಂದು ಮಾತು ಹೇಳಿದ್ದರೆ ಈ ಕತೆ ಇರುತ್ತಿರಲಿಲ್ಲ.

ಹದ್ದಣ್ಣ ಹೇಳಿದ್ದನ್ನು ಗಾಳಿಗೆ ತೂರುವವನಲ್ಲ. ಮರುದಿನವೇ ಒಂದು ಭೂತಗನ್ನಡಿ ಕೊಂಡ. ಯಾಕೆಂದರೆ ಪೊಟ್ಟಣದ ಮುಂದೆ ಕಾರ್ಖಾನೆಯವರು ಬರೆದ ಅಕ್ಷರ ಎಮ್ಮೆಯಷ್ಟು, ಹಿಂದೆ ಬರೆದದ್ದು ಹೇನಿನಷ್ಟು. ಗಾಜಿನ ಗೂಡಿನಲ್ಲಿ ಕೂತು, ಕೆಳಗಿನಿಂದ ಕಬ್ಬಿಣದ ಕಟ್ಟು ಸಿದ್ಧವಾಗುವ ತನಕ, ಅವನು ಒಂದೊಂದೇ ಪೊಟ್ಟಣವನ್ನು ತಿರುಗಿಸಿ ಓದತೊಡಗಿದ.

ಪೊಟ್ಟಣಗಳು ಅಲ್ಲಿ ಯಾಕಿದ್ದವು ಎಂದು ಹೇಳಬೇಕು. ಕ್ರೇನಿನವನು ಬೆಳಿಗ್ಗೆ ಹತ್ತಿದರೆ ಸಂಜೆಯೇ ಇಳಿಯುವುದು. ಊಟಕ್ಕೆಂದು ಇಳಿದು ಹತ್ತಿದರೆ ತಿಂದದ್ದು ಏಣಿಯ ಮೇಲೆಯೇ ಕರಗಿಹೋಗುತ್ತದೆ. ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಜೊತೆಗೆ ಇರುತ್ತಿತ್ತು. ಆದರೆ ಡಬ್ಬಿಯ ಆಚೆಗೂ ಒಂದು ಹೊಟ್ಟೆ ಇರುತ್ತದಲ್ಲ. ಅದಕ್ಕೆ ಬೇಕಾದದ್ದನ್ನು ಕೆಳಗಿನಿಂದ ಸೀಟಿ ಹಗ್ಗದ ಚೀಲದಲ್ಲಿ ಕಟ್ಟಿ ಕಳಿಸುತ್ತಿದ್ದ. ಸೀಟಿ ಅಂದರೆ ಕ್ರೇನಿನ ಬುಡದಲ್ಲಿ ನಿಂತು, ಕೈ ಮಾಡಿ, ಸೀಟಿ ಊದಿ, ರೇಡಿಯೋದಲ್ಲಿ ಕೂಗಿ, "ಎತ್ತು, ತಿರುಗಿಸು, ಇಳಿಸು" ಎಂದು ಹೇಳುವವನು. ಮೇಲಿನವನಿಗೆ ಕೆಳಗಿನ ಕಣ್ಣು ಅವನೇ.

ಇನ್ನು ಕ್ರೇನಿನ ಗೂಡಿನಲ್ಲಿ ಹಿಡಿಕೆಯ ಪಕ್ಕಕ್ಕೆ ಒಂದು ತಗಡಿನ ಫಲಕ ಇರುತ್ತದೆ. ಕ್ರೇನಿನ ತೋಳು ಇಷ್ಟು ದೂರ ಚಾಚಿದಾಗ ಇಷ್ಟು ಭಾರ ಎತ್ತಬಹುದು, ಅದಕ್ಕಿಂತ ಹೆಚ್ಚು ಕೂಡದು ಎಂದು ಅದರಲ್ಲಿ ಕೋಷ್ಟಕ. ಹದ್ದಣ್ಣನಿಗೆ ಆ ಕೋಷ್ಟಕವೇ ಧರ್ಮಗ್ರಂಥ. ಜೀವಮಾನದಲ್ಲಿ ಅದನ್ನು ಒಮ್ಮೆಯೂ ಮೀರಿದವನಲ್ಲ. ಪೊಟ್ಟಣದ ಹಿಂದೆಯೂ ಅಂಥದ್ದೇ ಕೋಷ್ಟಕ ಕಂಡಾಗ ಅವನಿಗೆ ಹಳೇ ಗೆಳೆಯ ಸಿಕ್ಕಿದಂತಾಯಿತು. ಸಾಲು, ಅಂಕಣ, ಶೇಕಡಾ. ಓದುವ ಕ್ರಮವೂ ತನಗೆ ಬಂದದ್ದೇ ಅಂದುಕೊಂಡ. ಶೇಕಡಾ ನೂರು ಅಂದರೆ ಗಡಿ. ಅದರ ಒಳಗಿದ್ದರೆ ಎತ್ತಬಹುದು, ದಾಟಿದರೆ ಬಿಡಬೇಕು.

ನೂಡಲ್ಸ್ ಕಪ್ಪಿನ ಸೋಡಿಯಂ ನೋಡಿದ, ನಲವತ್ತೈದು. ಎತ್ತಬಹುದು. ಸೂಪಿನ ಪುಡಿ, ಹದಿನೆಂಟು. ಧಾರಾಳವಾಗಿ ಎತ್ತಬಹುದು. ಚಿಪ್ಸಿನ ದೊಡ್ಡ ಪೊಟ್ಟಣ, ಬರೀ ಒಂಬತ್ತು. ಇಷ್ಟು ದೊಡ್ಡ ಪೊಟ್ಟಣಕ್ಕೆ ಒಂಬತ್ತೇ! ಅದನ್ನು ಕಂಡು ಅವನಿಗೆ ಕಾರ್ಖಾನೆಯವರ ಮೇಲೆ ಗೌರವವೇ ಮೂಡಿತು. ಮುಂದೆ "ಉಪ್ಪು ಕಡಿಮೆ" ಎಂದೂ ಬರೆದಿತ್ತು.

"ಸೀಟಿ, ಸೂಪು ಕಳಿಸು," ಎಂದು ರೇಡಿಯೋದಲ್ಲಿ ಹೇಳಿದ.

"ಅಣ್ಣಾ, ಡಾಕ್ಟ್ರು ಉಪ್ಪು ಬೇಡ ಅಂದಿಲ್ವಾ?"

"ಓದಿ ತಿನ್ನಿ ಅಂದಿದ್ದಾರೆ. ಓದಿದೀನಿ."

"ಓದಿದೋರಿಗೆ ಎದುರು ಹೇಳೋಕಾಗುತ್ತಾ," ಎಂದು ಸೀಟಿ ಚೀಲ ಕಟ್ಟಿದ.

ಹೀಗೆ ದಿನಕ್ಕೆ ಹಲವು ಪೊಟ್ಟಣ ಏರಿದವು. ಪ್ರತಿಯೊಂದನ್ನೂ ಹದ್ದಣ್ಣ ಭೂತಗನ್ನಡಿ ಹಿಡಿದು ಓದಿಯೇ ತಿಂದ. ಖಾಲಿ ಪೊಟ್ಟಣವನ್ನು ಮೇಲಿನಿಂದ ಎಸೆಯುವಂತಿಲ್ಲ. ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡ. ಡಾಕ್ಟ್ರಮ್ಮನಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು.

ಇತ್ತ ಮನೆಯಲ್ಲಿ ಹೆಂಡತಿ ಉಪ್ಪಿನ ಜಾಡಿಯನ್ನೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳು. ಅರ್ಧಂಬರ್ಧ ಕೆಲಸ ಅವಳ ಕೈಯಲ್ಲಿ ಆಗದು. ಇಳಿಸಿ ಅಂದರೆ ಇಳಿಸುವುದಲ್ಲ, ಕಿತ್ತೇ ಹಾಕುವುದು. ಅವತ್ತಿನಿಂದ ಆ ಮನೆಯ ಸಾರು ಬಿಸಿನೀರಿಗೆ ಬಣ್ಣ ಬಳಿದಂತೆ ಇತ್ತು.

"ಇವರಿಗೆ ಬಿ.ಪಿ., ನನಗೆ ಶಿಕ್ಷೆ," ಎಂದರು ಅತ್ತೆ. ಅವರು ಮಗಳ ಜೊತೆ ಇದ್ದು ಬಹಳ ಕಾಲವಾಗಿತ್ತು. "ಹಸು ಕೂಡ ಹುಲ್ಲಿನ ಮಧ್ಯೆ ಗೋಡೆ ನೆಕ್ಕಿ ಒಂದಿಷ್ಟು ಉಪ್ಪು ತಗೊಳುತ್ತೆ ಕಣೇ."

"ನೀನೂ ನೆಕ್ಕು. ಯಾರು ಬೇಡ ಅಂದ್ರು," ಎಂದಳು ಮಗಳು.

ಹದ್ದಣ್ಣ ತಟ್ಟೆಯ ಮುಂದೆ ಕೂತು ಸಪ್ಪೆ ಅನ್ನವನ್ನು ಗುಲಗಂಜಿಯಷ್ಟೂ ಬಿಡದೆ ಉಣ್ಣುತ್ತಿದ್ದ. ಒಂದು ದೂರಿಲ್ಲ, ಒಂದು ಮುಖ ಸಿಂಡರಿಸುವುದಿಲ್ಲ. ಗಂಡನ ಈ ಸಂಯಮ ಕಂಡು ಹೆಂಡತಿಗೆ ಕಣ್ಣು ತುಂಬಿಬಂತು. ಅತ್ತೆಗೆ ಮಾತ್ರ ಅನುಮಾನ. "ಈ ಮನುಷ್ಯ ಇಷ್ಟು ಸುಲಭಕ್ಕೆ ಬಗ್ಗೋರಲ್ಲ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು.

ಅರ್ಧ ತಿಂಗಳು ಕಳೆದ ಮೇಲೆ, ಒಂದು ಸಂಜೆ ಕೆಲಸದಿಂದ ಬರುವಾಗ ಹದ್ದಣ್ಣ ಮದ್ದಿನ ಅಂಗಡಿಯ ಮುಂದೆ ನಿಂತ. ಅಂಗಡಿಯವನ ಬಳಿ ಬಿ.ಪಿ. ನೋಡುವ ಯಂತ್ರ ಇತ್ತು. ನೋಡಿಬಿಡೋಣ, ಎಷ್ಟು ಇಳಿದಿದೆಯೋ ಎಂದು ತೋಳು ಚಾಚಿದ. ಯಂತ್ರ ಗುಂಯ್ ಎಂದಿತು, ನಿಂತಿತು. ಅಂಗಡಿಯವನು ಅಂಕಿ ನೋಡಿ, ಹದ್ದಣ್ಣನ ಮುಖ ನೋಡಿ, ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳ್ಳಿ ಸ್ವಲ್ಪ ಹೊತ್ತು. ಡಾಕ್ಟ್ರ ಹತ್ರ ಹೋಗಿ. ತಡ ಮಾಡಬೇಡಿ."

ಇಳಿಯುವುದಿರಲಿ, ಗಡಿ ದಾಟಿ ಆಚೆಗೆ ಹೋಗಿತ್ತು.

ಮನೆಗೆ ಬಂದವನೇ ಬ್ಯಾಗನ್ನು ಮೂಲೆಗೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಜ ಹೇಳಿ. ಈ ಮನೇಲಿ ಯಾರು ಉಪ್ಪು ಹಾಕ್ತಿರೋದು?" ಎಂದ.

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಏನಂದ್ರಿ?"

"ಬಿ.ಪಿ. ಏರಿದೆ. ನಾನು ಡಾಕ್ಟ್ರು ಹೇಳಿದ ಹಾಗೇ ತಿಂತಿದೀನಿ. ಅಂದ ಮೇಲೆ ಎಲ್ಲಿಂದಲೋ ಬರ್ತಿರಬೇಕಲ್ಲ?"

"ನಾನು ಜಾಡೀನೇ ಮನೆಯಿಂದ ಆಚೆ ಹಾಕಿದೀನಿ. ನಿಮಗಾಗಿ ನಾವಿಬ್ರೂ ಕಾಗದ ತಿಂದ ಹಾಗೆ ಊಟ ಮಾಡ್ತಿದೀವಿ. ನನ್ನನ್ನೇ ಕೇಳ್ತೀರಲ್ರೀ!" ಅವಳ ದನಿ ಒಡೆಯಿತು.

ಹದ್ದಣ್ಣನ ಕಣ್ಣು ನಿಧಾನಕ್ಕೆ ಅತ್ತೆಯ ಕಡೆ ತಿರುಗಿತು.

"ಏನು, ನನ್ನ ಯಾಕೆ ನೋಡ್ತೀರಿ?" ಎಂದರು ಅತ್ತೆ. ಆದರೆ ಅವರ ಕೈ ಸುಮ್ಮನೆ ಸೆರಗಿನ ತುದಿಗೆ ಹೋಗಿ, ಹೋದದ್ದು ತಪ್ಪಾಯಿತೆಂಬಂತೆ ವಾಪಸು ಬಂತು. "ನಾನು ನಿಮ್ಮ ತಟ್ಟೆ ಮುಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ. ಮೊದಲು ನೀವು ಮೇಲೆ ಕೂತು ಏನು ಮೇಯ್ತೀರಿ ಅಂತ ಹೇಳಿ ಹದ್ದಣ್ಣನವರೇ."

ಹದ್ದಣ್ಣ ಇದಕ್ಕೇ ಕಾದಿದ್ದವನಂತೆ ನಕ್ಕ. "ಹೇಳೋದೇನು, ತೋರಿಸ್ತೀನಿ. ಕದ್ದು ತಿಂದಿದ್ದಲ್ಲ, ಓದಿ ತಿಂದಿದ್ದು."

ಬ್ಯಾಗು ತಂದು, ಆ ದಿನದ ಖಾಲಿ ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಿಂದ ನೀವಿ, ಸೋಡಿಯಂ ಸಾಲು ಮೇಲೆ ಬರುವಂತೆ ನೆಲದ ಮೇಲೆ ಹಾಸಿದ. ಅವನ ಹುರುಪು ನೋಡಿದರೆ ಮಗನ ಅಂಕಪಟ್ಟಿ ತೋರಿಸುವ ಅಪ್ಪನಂತಿತ್ತು. ತಗಡಿನ ಫಲಕದ ವಿಷಯ, ಗಡಿಯ ವಿಷಯ, ಶೇಕಡಾ ನೂರರ ವಿಷಯ ಎಲ್ಲವನ್ನೂ ವಿವರಿಸಿದ. "ನೋಡು, ಇದು ನಲವತ್ತೈದು. ಇದು ಹದಿನೆಂಟು. ಇದು ಒಂಬತ್ತು. ಒಂದಾದ್ರೂ ನೂರು ದಾಟಿದ್ರೆ ಕೇಳು."

ಹೆಂಡತಿ ನೆಲಕ್ಕೆ ಕೂತು ಒಂದೊಂದನ್ನೇ ಎತ್ತಿ ನೋಡಿದಳು.

"ಈ ಸೂಪು ಯಾವಾಗ ಕುಡಿದಿದ್ದು?"

"ಬೆಳಿಗ್ಗೆ. ಮೇಲೆ ಚಳಿ ಇರುತ್ತೆ."

"ನೂಡಲ್ಸು?"

"ಮಧ್ಯಾಹ್ನ, ನಿನ್ನ ಡಬ್ಬಿ ಆದ್ಮೇಲೆ."

"ಚಿಪ್ಸು?"

"ಕಾಂಕ್ರೀಟ್ ಲಾರಿ ತಡ ಆಯ್ತು."

"ಲಾರಿ ತಡ ಆದ್ರೆ ಚಿಪ್ಸು ಯಾಕೆ ಏರುತ್ತೆ?" ಎಂದರು ಅತ್ತೆ.

ಹೆಂಡತಿ ತಾಯಿಗೆ ಸುಮ್ಮನಿರಲು ಕೈ ಮಾಡಿದಳು. "ರೀ, ನಿಮ್ಮ ಕ್ರೇನು ಬೆಳಿಗ್ಗೆ ಒಂದು ಕಟ್ಟು ಕಬ್ಬಿಣ ಎತ್ತಿತು ಅಂತಿಟ್ಕೊಳ್ಳಿ. ಅದನ್ನ ಏನ್ಮಾಡುತ್ತೆ?"

"ಇಳಿಸುತ್ತೆ."

"ಆಮೇಲೆ ಇನ್ನೊಂದು ಎತ್ತುತ್ತೆ."

"ಹೌದು. ಪ್ರತಿ ಸಲ ಕೊಂಡಿ ಖಾಲಿ ಇರುತ್ತಲ್ಲ."

"ನೀವು ಬೆಳಿಗ್ಗೆ ಕುಡಿದ ಸೂಪನ್ನ ಎಲ್ಲಿ ಇಳಿಸಿದ್ರಿ?"

ಹದ್ದಣ್ಣ ಬಗ್ಗಿ ತನ್ನ ಹೊಟ್ಟೆಯನ್ನು ನೋಡಿಕೊಂಡ.

"ಇಳಿಸೋ ಜಾಗ ದೇವರು ಕೊಟ್ಟಿದ್ದಾನೆ," ಎಂದರು ಅತ್ತೆ, "ಆದ್ರೆ ಉಪ್ಪು ಅಷ್ಟು ಬೇಗ ಜಾಗ ಖಾಲಿ ಮಾಡೋ ನೆಂಟ ಅಲ್ಲ."

"ನೂರು ಅನ್ನೋದು ಒಂದು ಸಲಕ್ಕಲ್ಲ ಕಣ್ರೀ," ಎಂದಳು ಹೆಂಡತಿ. "ನೋಡಿ ಇಲ್ಲಿ ಬರೆದಿದೆ, ದಿನಕ್ಕೆ. ಬೆಳಿಗ್ಗೆ ಕಣ್ಣು ಬಿಟ್ಟಾಗಿಂದ ಮಲಗೋ ತನಕ ಎಲ್ಲಾ ಸೇರಿ ನೂರು. ನಿಮ್ಮ ಹೊಟ್ಟೆ ಎತ್ತಿದ್ದನ್ನ ಹೊತ್ಕೊಂಡೇ ಮುಂದಿಂದು ಎತ್ತುತ್ತೆ."

ಹದ್ದಣ್ಣ ಬೆರಳು ಮಡಚಿ ಎಣಿಸಿ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಒಂದು ಲೆಕ್ಕ ಹಿಡಿದ. "ಸರಿ, ಕೂಡಿಸಿದ್ರೂ ನಲವತ್ತೈದು, ಹದಿನೆಂಟು, ಒಂಬತ್ತು. ಎಪ್ಪತ್ತೆರಡೇ ಆಯ್ತು. ಇನ್ನೂ ಒಳಗೇ ಇದೀನಿ!"

ಹೆಂಡತಿ ಸೂಪಿನ ಪೊಟ್ಟಣವನ್ನು ದೀಪದ ಕಡೆ ಹಿಡಿದಳು. "ಹದಿನೆಂಟು ಅನ್ನೋದು ಒಂದು ಪಾಲಿಗೆ. ಪೊಟ್ಟಣದಲ್ಲಿ ನಾಲ್ಕು ಪಾಲು ಅಂತ ಅದರ ಮೇಲಿನ ಸಾಲಲ್ಲೇ ಇದೆ. ಚಿಪ್ಸಲ್ಲಿ ಐದು ಪಾಲು. ಒಂದು ಅಂಗಿಗೆ ಇಷ್ಟು ಬಟ್ಟೆ ಅಂದ್ರೆ ಇಡೀ ತರಗತಿಗೆ ಅಷ್ಟೇ ಬಟ್ಟೆ ಸಾಕು ಅಂತ ನಾನು ಹೊಲಿಯೋಕೆ ಕೂತ್ರೆ ಹೇಗಿರುತ್ತೆ?"

"ಪಾಲು ಅನ್ನೋ ಸಾಲು ನೋಡಿದ್ದೆ," ಎಂದ ಹದ್ದಣ್ಣ ಸಣ್ಣ ದನಿಯಲ್ಲಿ. "ಅದು ಹಂಚಿ ತಿನ್ನೋರಿಗೆ ಅಂದ್ಕೊಂಡೆ. ನಾನೊಬ್ನೇ ಇದ್ನಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಐದು ಜನರ ಪಾಲು ಒಬ್ರೇ ತಿಂದು ಒಬ್ಬರ ಲೆಕ್ಕ ಬರೆದಿದ್ದಾರೆ!"

"ಆದ್ರೆ ಅತ್ತೆ, ಮುಂದುಗಡೆ ಉಪ್ಪು ಕಡಿಮೆ ಅಂತ ಬರೆದಿದೆಯಲ್ಲ."

"ಯಾರಿಗಿಂತ ಕಡಿಮೆ? ಅವರದೇ ಹಳೇ ಪೊಟ್ಟಣಕ್ಕಿಂತ ಇರಬೇಕು. ನನ್ನ ಓರಗಿತ್ತಿ ಜಗಳ ಕಮ್ಮಿ ಮಾಡಿದ್ದಾಳೆ ಅಂತ ನಮ್ಮತ್ತೆ ಹೇಳ್ತಿದ್ರು. ಮೊದಲು ದಿನಾ ಆಡ್ತಿದ್ಲು, ಆಮೇಲೆ ಭಾನುವಾರ ಬಿಟ್ಳು."

ಹದ್ದಣ್ಣನಿಗೆ ನಗು ಬರಲಿಲ್ಲ. ಅಂಕಿ ಅವನ ತಲೆಗೆ ಹೊಕ್ಕಿತ್ತು, ಮನಸ್ಸಿಗೆ ಇನ್ನೂ ಇಳಿದಿರಲಿಲ್ಲ. ಹೆಂಡತಿಗೆ ಅದು ತಿಳಿಯಿತು. "ಒಂದು ಚಹಾ ಚಮಚ ಉಪ್ಪೇ ಇಡೀ ದಿನದ ನೂರು ಅಂತೆ. ಎದುರುಮನೆಯವರು ಹೇಳ್ತಿದ್ರು, ಅವರಿಗೂ ಇದೇ ಕಾಯಿಲೆ. ಅಳೆದು ತೋರಿಸಿದ್ರೆ ಗೊತ್ತಾಗ್ತಿತ್ತು. ಈ ಮನೇಲಿ ಚಿಟಿಕೆ ಉಪ್ಪೂ ಇಲ್ವಲ್ಲ."

ಅತ್ತೆ ಗಂಟಲು ಸರಿಮಾಡಿಕೊಂಡರು. ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರೊಳಗಿಂದ ಒಂದು ಕಾಗದದ ಪೊಟ್ಟಣ ಹೊರಬಂತು. ಸಾಕಾಗಲಿಕ್ಕಿಲ್ಲ ಎಂದು ತಮ್ಮ ದಿಂಬಿನ ಕೆಳಗಿಂದ ಒಂದು ಡಬ್ಬಿಯನ್ನೂ ತಂದಿಟ್ಟರು.

"ಅಮ್ಮಾ!"

"ನನ್ನ ತಟ್ಟೆಗೆ ಮಾತ್ರ ಕಣೇ. ಅಳಿಯಂದಿರ ತಟ್ಟೆ ಮುಟ್ಟಿಲ್ಲ. ಕೈ ಇನ್ನೂ ಬಿದ್ದಿಲ್ಲ, ನೋಡ್ಕೋ."

ಹೆಂಡತಿ ಒಂದು ಕಪ್ಪು ಬಟ್ಟೆಯ ತುಂಡು ಹಾಸಿ, ಅದರ ಮೇಲೆ ಚಮಚದಿಂದ ಅಳೆದು ಸುರಿದಳು. ನೂಡಲ್ಸಿಗೆ ಅರ್ಧ ಚಮಚದ ಹತ್ತಿರ. ನಾಲ್ಕು ಪಾಲಿನ ಸೂಪಿಗೆ ಮುಕ್ಕಾಲಿನ ಹತ್ತಿರ. ಐದು ಪಾಲಿನ ಚಿಪ್ಸಿಗೆ ಮತ್ತೆ ಅರ್ಧದ ಹತ್ತಿರ. ಹದ್ದಣ್ಣ ಲೆಕ್ಕಕ್ಕೇ ಹಿಡಿಯದಿದ್ದ ಬಿಸ್ಕತ್ತು, ಹುರಿದ ಕಡಲೆಕಾಯಿಯ ಪೊಟ್ಟಣಗಳಿಗೆ ಇನ್ನೊಂದಿಷ್ಟು. ಕಪ್ಪು ಬಟ್ಟೆಯ ಮೇಲೆ ಬಿಳಿ ಗುಡ್ಡ ಬೆಳೆಯುತ್ತಾ ಹೋಯಿತು. ಹದ್ದಣ್ಣ ಅದನ್ನೇ ನೋಡುತ್ತಿದ್ದ. ಇದನ್ನು ಯಾರಾದರೂ ಚಮಚದಲ್ಲಿ ತಂದು ತಿನ್ನು ಅಂದಿದ್ದರೆ ಅವನು ಜಗಳಕ್ಕೇ ಹೋಗುತ್ತಿದ್ದ.

"ಇನ್ನು ಅರ್ಧ ತಿಂಗಳಿದೆ," ಎಂದ ಕೊನೆಗೆ. "ನಾಳೆಯಿಂದ ಪೊಟ್ಟಣ ಬಂದ್. ಮದ್ದಿನ ಅಂಗಡಿಯ ಅಂಕಿ ಡಾಕ್ಟ್ರಮ್ಮನಿಗೇನೂ ಗೊತ್ತಿಲ್ಲ. ಅಷ್ಟರಲ್ಲಿ ಇಳಿದರೂ ಇಳೀಬಹುದು."

ಹೆಂಡತಿ ಉಪ್ಪನ್ನು ಬಟ್ಟೆಯ ಸಮೇತ ಮಡಿಸುತ್ತಾ, "ನೀವು ಮೇಲಿದ್ದಾಗ ಕೊಂಡಿ ಕೆಳಗೆ ಯಾರು ನಿಂತಿರ್ತಾರೆ?" ಎಂದು ಮಾತ್ರ ಕೇಳಿದಳು.

ಯಾರು ನಿಂತಿರುತ್ತಾರೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಳದಿ ಟೋಪಿ ಹಾಕಿಕೊಂಡು, ತಲೆ ಎತ್ತಿ, ಮೇಲಿನವನ ಮೇಲೆ ಪೂರ್ತಿ ಭರವಸೆ ಇಟ್ಟು ಕೈ ಬೀಸುವ ಸೀಟಿ.

ಬೆಳಿಗ್ಗೆ ಹದ್ದಣ್ಣ ಕೆಲಸಕ್ಕೆ ಹೋಗಲಿಲ್ಲ. ಪೊಟ್ಟಣಗಳನ್ನೆಲ್ಲ ತೆಗೆದುಕೊಂಡು ಸೀದಾ ಡಾಕ್ಟ್ರಮ್ಮನ ಮುಂದೆ ಕೂತ. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಡಾಕ್ಟ್ರಮ್ಮ ಮೊದಲು ನಕ್ಕರು, ಆಮೇಲೆ ಪಟ್ಟಿ ಸುತ್ತಿ ನೋಡಿ ನಗು ನಿಲ್ಲಿಸಿದರು.

"ತಪ್ಪು ನಂದೂ ಇದೆ. ದಿನಕ್ಕೆ ಅಂತ ಹೇಳಬೇಕಿತ್ತು," ಎಂದರು. "ಮಾತ್ರೆ ಬರೀತೀನಿ. ಆದ್ರೆ ಇದು ಇಳಿಯೋ ತನಕ ಏಣಿ ಮುಟ್ಟೋ ಹಾಗಿಲ್ಲ. ನೆಲದ ಮೇಲೇ ಇರಿ."

"ಇಳಿದ ಮೇಲೆ?"

"ಇಳಿದ ಮೇಲೆ ನೋಡೋಣ. ಮಾತು ಕೊಡಲ್ಲ."

ಹದ್ದಣ್ಣ ನೆಲಕ್ಕೆ ಬಂದ. ಕ್ರೇನಿಗೆ ಬೇರೆ ಕಟ್ಟಡದಿಂದ ಒಬ್ಬ ಹೆಂಗಸು ಬಂದಳು, ಕೈ ಚುರುಕು, ಮಾತು ಇನ್ನೂ ಚುರುಕು. ಹದ್ದಣ್ಣನಿಗೆ ಸೀಟಿಯ ಪಕ್ಕ ನಿಂತು ಕಬ್ಬಿಣದ ಕಟ್ಟಿಗೆ ಸರಪಳಿ ಬಿಗಿಯುವ ಕೆಲಸ. ಕುತ್ತಿಗೆ ನೋಯುವಷ್ಟು ಮೇಲೆ ನೋಡಿದ. ತನ್ನ ಗೂಡು ಕೆಳಗಿನಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಮೇಸ್ತ್ರಿ ಒಂದು ಹೇಳಿದ, ಎಂಜಿನಿಯರು ಇನ್ನೊಂದು ಹೇಳಿದ, ಲಾರಿಯವನು ಮೂವರನ್ನೂ ಬೈದ.

ಮಧ್ಯಾಹ್ನ ರೇಡಿಯೋ ಕರೆಯಿತು. "ಕೆಳಗೆ ಯಾರಿದ್ದೀರಿ? ಚೀಲ ಬಿಡ್ತಿದೀನಿ. ಒಂದು ಸೂಪಿನ ಪೊಟ್ಟಣ, ಬಿಸಿನೀರು ಹಾಕಿ ಕಳಿಸಿ."

ಸೀಟಿ ಎಲ್ಲೋ ಹೋಗಿದ್ದ. ಹದ್ದಣ್ಣ ಸೂಪಿನ ಪೊಟ್ಟಣ ಕೈಗೆತ್ತಿಕೊಂಡ. ಕೈ ತಾನಾಗಿ ಅದನ್ನು ತಿರುಗಿಸಿತು. ರೇಡಿಯೋ ಗುಂಡಿ ಒತ್ತಿ ಓದತೊಡಗಿದ. "ನೋಡಮ್ಮ, ಮೊದಲು ಪಾಲು ಎಷ್ಟು ಅಂತ ನೋಡಬೇಕು. ಇದರಲ್ಲಿ ನಾಲ್ಕು. ಒಂದು ಪಾಲಿಗೆ ಸೋಡಿಯಂ ಹದಿನೆಂಟು. ಆದ್ರೆ ನೀನು ಪೂರ್ತಿ ಕುಡೀತೀಯ, ಅಂದ್ರೆ ನಾಲ್ಕರಿಂದ ಗುಣಿಸಬೇಕು. ಇನ್ನು ನೂರು ಅನ್ನೋದು ಇಡೀ ದಿನಕ್ಕೆ. ಬೆಳಿಗ್ಗೆ ನೀನೇನು ತಿಂದೆ?"

"ಅಣ್ಣಾ, ನಾನು ಕೇಳಿದ್ದು ಸೂಪು. ಅದರ ಜಾತಕ ಅಲ್ಲ."

"ಜಾತಕ ಸರಿಯಾಗಿ ನೋಡದೆ ತಿಂದಿದ್ದಕ್ಕೇ ನಾನು ಇಲ್ಲಿ ನಿಂತಿರೋದು."

ರೇಡಿಯೋ ಎಲ್ಲರಿಗೂ ಒಂದೇ ಎಂಬುದು ಅವನಿಗೆ ಮರೆತೇ ಹೋಗಿತ್ತು. ಕಟ್ಟಡದ ಎಲ್ಲ ಮಹಡಿಗಳಿಂದ ನಗು ಕೇಳಿಸಿತು. "ಯಾರ್ರೀ ಅದು ರೇಡಿಯೋದಲ್ಲಿ ಪಾಠ ಮಾಡ್ತಿರೋದು!" ಎಂದು ಮೇಸ್ತ್ರಿ ಗದರಿದ. ತುಸು ಹೊತ್ತಿಗೆ ಅದೇ ಮೇಸ್ತ್ರಿ ತನ್ನ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದಂತೆ, "ಇದರಲ್ಲಿ ಸಕ್ಕರೆ ಸಾಲು ಯಾವುದು ಹೇಳು ನೋಡೋಣ. ನಮ್ಮ ಮನೆಯಲ್ಲಿ ಸ್ವಲ್ಪ ಗಲಾಟೆ ಇದೆ," ಎಂದ.

ಮೇಲಿನವಳು ಕೊನೆಗೆ ಕಾಲು ಪೊಟ್ಟಣ ಸೂಪಿಗೆ ಒಪ್ಪಿದಳು. ಉಳಿದದ್ದನ್ನು ಹದ್ದಣ್ಣ ಮಡಿಸಿ, ನಾಳೆಗೆ ಎಂದು ಎತ್ತಿಟ್ಟ. ಅವನಿಗೂ ಆ ವಾಸನೆಗೆ ಬಾಯಲ್ಲಿ ನೀರೂರಿತು. ನುಂಗಿಕೊಂಡ.

ಮತ್ತೆ ಪರೀಕ್ಷೆಯ ದಿನ ಹೆಂಡತಿಯೂ ಜೊತೆಗೆ ಹೋದಳು. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟ್ರಮ್ಮ ಒಂದು ಸಲ ಗಾಳಿ ತುಂಬಿದರು, ಬಿಟ್ಟರು. ಹದ್ದಣ್ಣ ಉಸಿರು ಬಿಗಿಹಿಡಿದು ಎರಡನೇ ಸಲಕ್ಕೆ ಕಾದ. ಡಾಕ್ಟ್ರಮ್ಮ ಪಟ್ಟಿ ಬಿಚ್ಚಿ ಪಕ್ಕಕ್ಕೆ ಇಟ್ಟರು.

"ಇನ್ನೊಂದು ಸಲ ನೋಡಲ್ವಾ ಡಾಕ್ಟ್ರೇ?"

"ಬೇಕಾಗಿಲ್ಲ," ಎಂದು ಪೆನ್ನು ತೆಗೆದರು.

ಅವನು ಹೊರಗೆ ಬಂದಾಗ ಹೆಂಡತಿ ಎದ್ದು ನಿಂತಳು. ಅವಳ ಕಣ್ಣು ಅವನ ಮುಖದಲ್ಲಿ ಉತ್ತರ ಹುಡುಕುತ್ತಿತ್ತು. ಹದ್ದಣ್ಣ ಚೀಟಿಯನ್ನು ಅವಳ ಕೈಗೆ ಕೊಟ್ಟ. ಅವಳು ಮುಂದೆ ಓದಿ, ತಿರುಗಿಸಿ ಹಿಂದೆಯೂ ನೋಡಿದಳು. ಹಿಂದೆ ಖಾಲಿ ಇತ್ತು.

"ಹಿಂದೆ ಏನೂ ಬರೆದಿಲ್ಲ ಕಣೇ. ಹತ್ತಬಹುದಂತೆ."

ಅವಳು ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗೆಳೆದು, "ಹಾಗಾದ್ರೆ ನಾಳೆಯಿಂದ ದೊಡ್ಡ ಡಬ್ಬಿ ಬೇಕು," ಎಂದಳು. "ಮನೆಗೆ ಹೋಗೋ ದಾರೀಲೇ ಪಾತ್ರೆ ಅಂಗಡಿ ಇದೆ. ನಡೀರಿ."